ಜೊತೆಗಾರರು: ಇದ್ದಾರೆ

ದಿನಾಂಕ 12, ಸೋಮವಾರ. ಬೆಳಿಗ್ಗೆ 9:40ಕ್ಕೆ ದರ್ಜಿ ಕೆಲಸದ ಹೆಂಗಸೊಬ್ಬಳು ಠಾಣೆಗೆ ಬಂದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ತೆಗೆದಿಡಲು ಮರೆತಿದ್ದಳು.

ಅವಳ ತಮ್ಮ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಹೋದ ವಾರ ಅವನ ಶುಕ್ರವಾರದ ಪಾಳಿ ತೆಗೆದುಹಾಕಿದ್ದರು. ಭಾನುವಾರ ಶ್ವಾಸಕೋಶದಲ್ಲಿ ನೀರು ತುಂಬಿ, ಈಗ ತೀವ್ರ ನಿಗಾ ಘಟಕದಲ್ಲಿದ್ದ.

"ಕೇಳಿದ್ರೆ ಕಂಪ್ಯೂಟರ್ ತೆಗೆದಿದೆ ಅಂದ್ರು," ಎಂದಳು.

"ಕಂಪ್ಯೂಟರ್ ಮೇಲೆ ಎಫ್‌ಐಆರ್ ಹಾಕೋದು ಹೇಗಮ್ಮ?" ಎಂದ ಹೆಡ್ ಕಾನ್‌ಸ್ಟೇಬಲ್. "ತಂದೆ ಹೆಸರಿನ ಕಾಲಮ್ಮಲ್ಲಿ ಏನು ಬರೀಲಿ?"

"ಯಾರೂ ಒತ್ತದೆ ಅದು ತಾನಾಗಿ ಬರೆಯಲ್ಲವಲ್ಲಣ್ಣ. ಒತ್ತಿದೋರ ಹೆಸರು ಬರೀರಿ."

ಒಳಗಿನಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಅವಳು ಫೋನಿನಲ್ಲಿ ಎರಡು ಚಿತ್ರ ತೋರಿಸಿದಳು. ಆಸ್ಪತ್ರೆಯ ಗೋಡೆಗೆ ಪ್ರತಿ ಶನಿವಾರ ಅಂಟಿಸುವ ಪಟ್ಟಿ ಅದು. ತಂತ್ರಾಂಶವೊಂದು ರೋಗಿಗಳಿಗೆ ಅಂಕ ಹಾಕುತ್ತದೆ. ಮೊದಲ ಇಪ್ಪತ್ತನಾಲ್ಕು ಜನರಿಗೆ ವಾರಕ್ಕೆ ಮೂರು ಪಾಳಿ, ಉಳಿದವರಿಗೆ ಎರಡು. ತಮ್ಮನ ಅಂಕ ಎರಡೂ ಪಟ್ಟಿಯಲ್ಲಿ ಒಂದೇ. ಸ್ಥಾನ ಮಾತ್ರ ಇಪ್ಪತ್ತೆರಡರಿಂದ ಇಪ್ಪತ್ತಾರಕ್ಕೆ ಇಳಿದಿತ್ತು.

ಅಂದರೆ ಕೆಳಗಿದ್ದ ನಾಲ್ವರು ಒಂದೇ ವಾರದಲ್ಲಿ ಮೇಲೆ ಹತ್ತಿದ್ದರು. ಅವರಿಗೆ ಜಾಗ ಬಿಟ್ಟು ನಾಲ್ವರು ಜಾರಿದ್ದರು. ಒಬ್ಬನ ಗತಿ ಹೀಗಾದರೆ ಉಳಿದ ಮೂವರದು? ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡರು.

11:15ಕ್ಕೆ ಅವರು ಮಹಿಳಾ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆ ತಲುಪಿದರು. ಡಯಾಲಿಸಿಸ್ ವಿಭಾಗದ ಪಕ್ಕದ ಕೋಣೆಯಲ್ಲಿ ಒಂದೇ ಕಂಪ್ಯೂಟರ್, ಐದು ಕುರ್ಚಿ. ದಾಖಲೆ ನಮೂದಿಸುವ ಹೆಂಗಸು, ಮೂವತ್ತೈದರ ಆಸುಪಾಸಿನವಳು, ಎದ್ದು ಇನ್‌ಸ್ಪೆಕ್ಟರಿಗೆ ಕುರ್ಚಿ ಕೊಟ್ಟಳು. ಕೇಳಿದ ವಿವರವನ್ನೆಲ್ಲ ಮುದ್ರಿಸಿಕೊಟ್ಟಳು.

3ನೇ ತಾರೀಖು, ಶನಿವಾರ, ಮಧ್ಯಾಹ್ನ 1:10ರಿಂದ 1:22ರ ನಡುವೆ ನಾಲ್ವರ ವಿವರ ತಿದ್ದಲಾಗಿತ್ತು. ತಿದ್ದಿದವರು: ವಿಭಾಗದ ವೈದ್ಯರು.

ವೈದ್ಯರನ್ನು ಕರೆಸಿದರು. "ಆ ಹೊತ್ತಿಗೆ ನಾನು ಶಸ್ತ್ರಚಿಕಿತ್ಸೆಯಲ್ಲಿದ್ದೆ. ಅಲ್ಲಿನ ರಿಜಿಸ್ಟರ್ ನೋಡಿ." ರಿಜಿಸ್ಟರಿನಲ್ಲಿ ಸಹಿ ಇತ್ತು, 12:30ರಿಂದ 2:45.

"ಹಾಗಾದ್ರೆ ನಿಮ್ಮ ಹೆಸರಲ್ಲಿ ಕೈ ಆಡಿಸಿದ್ದು ಯಾರು?"

ಉತ್ತರ ಮಹಿಳಾ ಕಾನ್‌ಸ್ಟೇಬಲ್ ಕಣ್ಣಿಗೆ ಬಿತ್ತು. ಕೀಲಿಮಣೆಯ ಮೂಲೆಯ ಕೀಲಿಯ ಮೇಲೆ ಸ್ಟೇಪ್ಲರ್ ಒಂದನ್ನು ಹೇರಿದ್ದರು.

"ಇದೇನು?"

"ಅದು... ಹತ್ತು ನಿಮಿಷ ಯಾರೂ ಮುಟ್ಟದಿದ್ರೆ ಪರದೆ ಮುಚ್ಚಿಕೊಳ್ಳುತ್ತೆ," ಎಂದರು ಹಿರಿಯ ನರ್ಸ್. "ಮತ್ತೆ ತೆರೆಯೋಕೆ ಡಾಕ್ಟರೇ ಬರಬೇಕು. ರೋಗಿಯ ರಕ್ತ ಯಂತ್ರದಲ್ಲಿ ಹರೀತಿರೋವಾಗ ಡಾಕ್ಟರನ್ನ ಹುಡುಕ್ಕೊಂಡು ಹೋಗೋಕಾಗುತ್ತಾ? ಬೆಳಿಗ್ಗೆ ಅವರು ತೆರೀತಾರೆ, ನಾವು ಸ್ಟೇಪ್ಲರ್ ಇಡ್ತೀವಿ. ಮೂರು ವರ್ಷದಿಂದ ಹಿಂಗೇ."

ಇಡೀ ವಿಭಾಗ ಒಬ್ಬರ ಹೆಸರಲ್ಲಿ ಬರೆಯುತ್ತಿತ್ತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು. ಮುದ್ರಿಸಿದ ವಿವರದ ಜೊತೆ ಸ್ಟೇಪ್ಲರನ್ನೂ ವಶಪಡಿಸಿಕೊಂಡರು.

ಆಮೇಲೆ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಅಧೀಕ್ಷಕರ ಕೋಣೆಗೆ ಹೋದರು. "ಜಾರಿದ ಉಳಿದ ಮೂವರಿಗೆ ಮೂರನೇ ಪಾಳಿ ಬೇಕು."

"ಜಾಗ ಇಲ್ವಲ್ಲ."

"ಭಾನುವಾರ ಯಂತ್ರ ಖಾಲಿ ಇರ್ತಾವಲ್ಲ?"

"ತಂತ್ರಾಂಶದಲ್ಲಿ ಭಾನುವಾರದ ಕಾಲಮ್ಮೇ ಇಲ್ಲ."

"ಕಾಗದದಲ್ಲಿ ಇದೆಯಲ್ಲ. ಅದರಲ್ಲಿ ಬರೆದು ಸಹಿ ಹಾಕಿ."

ಅಧೀಕ್ಷಕರು ಕಾಗದ ಎಳೆದುಕೊಂಡು ಬರೆದು, ಸಹಿ ಹಾಕಿದರು.

ಮೂರು ಗಂಟೆಗೆ ತಂತ್ರಾಂಶ ಕಂಪನಿಯ ಪ್ರತಿನಿಧಿ ಫೋನಿಗೆ ಸಿಕ್ಕ.

"ಸರ್, ನಮ್ಮ ವ್ಯವಸ್ಥೆಯಲ್ಲಿ ತಪ್ಪಿಲ್ಲ. ಮನುಷ್ಯರು ಕೈ ಹಾಕಿದ್ದೇ ತಪ್ಪು."

"ತಿದ್ದಿರೋದು ಒಂದೇ ಸಾಲು. 'ಜೊತೆಗಾರರು: ಇಲ್ಲ' ಅಂತಿದ್ದದ್ದು 'ಇದ್ದಾರೆ' ಆಗಿದೆ. ಅಷ್ಟಕ್ಕೇ ಅಂಕ ಯಾಕೆ ಏರ್ತು?"

"ಮನೇಲಿ ನೋಡ್ಕೊಳ್ಳೋರಿದ್ರೆ ಚಿಕಿತ್ಸೆ ಹೆಚ್ಚು ಫಲ ಕೊಡುತ್ತೆ. ಒಂಟಿ ಇರೋರಿಗೆ ಅಂಕ ಕಡಿಮೆ."

"ಹಾಗಂತ ತೀರ್ಮಾನ ಮಾಡಿದ್ದು ಯಾರು?"

"ಯಾರೂ ಅಲ್ಲ ಸರ್. ಡೇಟಾ ಹಾಗೆ ಹೇಳ್ತು."

"ಡೇಟಾ ಅವರ ವಿಳಾಸ ಕೊಡಿ, ಹೇಳಿಕೆ ತಗೋಬೇಕು."

ಪ್ರತಿನಿಧಿ ಫೋನಿಟ್ಟ. ಕಂಪನಿಗೆ ಲಿಖಿತ ನೋಟಿಸ್ ಕಳಿಸಲು ಇನ್‌ಸ್ಪೆಕ್ಟರ್ ಹೇಳಿದರು.

ಉಳಿದಿದ್ದು ಒಂದು ಎಳೆ. 'ಇದ್ದಾರೆ' ಎಂದು ಬರೆದರೆ ಜೊತೆಗಾರರ ಫೋನ್ ನಂಬರ್ ಕೊಡಲೇಬೇಕು. ಪಾಳಿಯ ಹಿಂದಿನ ದಿನ ಸಂಜೆ ಆ ನಂಬರಿಗೆ ಯಂತ್ರದ ಕರೆ ಹೋಗುತ್ತದೆ. ಎತ್ತಿ ಒಂದು ಒತ್ತಿದರೆ ಪಾಳಿ ಖಾತ್ರಿ. ಎತ್ತದಿದ್ದರೆ ರದ್ದು. ನಾಲ್ವರಿಗೂ ಬರೆದಿದ್ದ ನಂಬರ್ ಒಂದೇ.

13ನೇ ತಾರೀಖು ಬೆಳಿಗ್ಗೆ 10:05ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಆ ನಂಬರಿಗೆ ಕರೆ ಮಾಡಿದಳು. ಎತ್ತಿದ್ದು ಒಬ್ಬ ಅಜ್ಜಿ.

"ಹ್ಞೂಂ, ಹೇಳಮ್ಮ. ಯಾರ ವಿಷಯ? ನನ್ನ ಹತ್ರ ನಾಲ್ಕು ಜನ ಇದ್ದಾರೆ, ಬಿಡಿಸಿ ಹೇಳು."

11:00ಕ್ಕೆ ಇನ್‌ಸ್ಪೆಕ್ಟರ್ ಆ ಮನೆ ಹುಡುಕಿಕೊಂಡು ಹೋದರು. ಮೊದಲ ಮಹಡಿ, ಎರಡು ಕೋಣೆ. ಅಜ್ಜಿ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಫೋನು, ಪಕ್ಕದಲ್ಲಿ ಗೀಟು ಹಾಕಿದ ನೋಟ್‌ಬುಕ್. ಅದರಲ್ಲಿ ನಾಲ್ವರ ಪಾಳಿ, ತೂಕ, ಕುಡಿದ ನೀರಿನ ಲೆಕ್ಕ. ಒಂದು ಕಡೆ, "ಚಪ್ಪಲಿ ಹರಿದಿದೆ, ಹೇಳಬೇಕು."

"ಇದನ್ನೆಲ್ಲ ನೀವೇ ಬರೀತೀರಾ ಅಜ್ಜಿ?"

"ಮಗಳು ಕೊಟ್ಟ ಕೆಲಸ. ಮೊಣಕಾಲು ಕೈ ಕೊಟ್ಟಿದೆ, ನಾಲಿಗೆ ಇನ್ನೂ ಓಡುತ್ತೆ. ದಿನಾ ಒಬ್ಬೊಬ್ಬರಿಗೂ ಫೋನ್ ಮಾಡಿ ಬೈತೀನಿ. ಒಬ್ಬನಂತೂ ಕದ್ದು ನೀರು ಕುಡೀತಾನೆ, ಕಳ್ಳ."

"ಮಗಳು ಎಲ್ಲಿ ಕೆಲಸ?"

"ಆಸ್ಪತ್ರೇಲಿ. ಕಂಪ್ಯೂಟರ್ ಮುಂದೆ." ಅಜ್ಜಿ ಇನ್‌ಸ್ಪೆಕ್ಟರರ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಯಾಕಪ್ಪಾ?"

ಇನ್‌ಸ್ಪೆಕ್ಟರಿಗೆ ನಿನ್ನೆ ತನಗೆ ಕುರ್ಚಿ ಕೊಟ್ಟವಳು ನೆನಪಾದಳು. ಫೋನು, ನೋಟ್‌ಬುಕ್ಕಿಗೆ ವಶಪಡಿಸಿಕೊಂಡ ರಸೀದಿ ಬರೆದುಕೊಟ್ಟು, ತಲೆ ತಗ್ಗಿಸಿ ಮೆಟ್ಟಿಲಿಳಿದರು.

12:20ಕ್ಕೆ ಆಸ್ಪತ್ರೆಯಲ್ಲಿ ಅಜ್ಜಿಯ ಮಗಳನ್ನು ಬಂಧಿಸಿದರು. ಅವಳು ವಾದ ಮಾಡಲಿಲ್ಲ. ಮೇಜಿನ ಖಾನೆಯಿಂದ ಒಂದು ಕಡತ ತೆಗೆದು ಕೊಟ್ಟಳು. ಆಸ್ಪತ್ರೆಗೂ ಕಂಪನಿಗೂ ಅವಳು ಬರೆದ ಐದು ಪತ್ರ, ಎಲ್ಲಕ್ಕೂ ಒಂದೇ ಉತ್ತರ: "ತಂತ್ರಾಂಶದ ನಿರ್ಣಯದಲ್ಲಿ ಯಾರೂ ಹಸ್ತಕ್ಷೇಪ ಮಾಡುವಂತಿಲ್ಲ."

ಠಾಣೆಯಲ್ಲಿ ಹೇಳಿಕೆ.

"ಯಾಕೆ ಮಾಡಿದ್ರಿ?"

"ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್ ಇದ್ರು ಸಾರ್. ಜೊತೆಗಾರರು ಇದ್ದಾರಾ ಅಂತ ಕೇಳಿದೆ. 'ಇಲ್ಲ, ಆದ್ರೆ ಯಾರಿಗೂ ತೊಂದ್ರೆ ಕೊಡಲ್ಲ' ಅಂದ್ರು. ಇಲ್ಲ ಅಂತ ಒತ್ತಿದ್ದು ನಾನೇ. ಎರಡು ಪಾಳಿಗಿಳಿದ್ರು. ನಲವತ್ತು ದಿನ ಬದುಕಿದ್ರು. ಆಮೇಲೆ ಅಂಥೋರೇ ನಾಲ್ಕು ಜನ ಬಂದ್ರು."

"ಡಾಕ್ಟರ ಹೆಸರಲ್ಲಿ ಮಾಡಿದ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ."

"ಆಗ ಹೊಳೀಲಿಲ್ಲ. ನಿನ್ನೆ ನಿಮಗೆ ಮುದ್ರಿಸಿ ಕೊಡೋವಾಗ ಹೊಳೀತು. ಹೇಳೋಕೆ ಧೈರ್ಯ ಬರಲಿಲ್ಲ."

"ಆ ಬೋರ್ಡ್ ಬರೆಯೋನು?"

"ನಾಲ್ಕು ಜನ ಹತ್ತಿದ್ದು ನೋಡಿದೆ. ಅಷ್ಟಕ್ಕೇ ಪರದೆ ಮುಚ್ಚಿದೆ. ಯಾರು ಜಾರಿದ್ರು ಅಂತ ಕೆಳಗೆ ನೋಡಲಿಲ್ಲ. ಆ ಯಂತ್ರ ಮಾಡ್ತಿದ್ದದ್ದೂ ಅದನ್ನೇ ಅಲ್ವಾ ಸಾರ್."

ಹೇಳಿಕೆಯ ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದಳು. ಎದ್ದು ನಿಂತವಳು ಒಂದೇ ಪ್ರಶ್ನೆ ಕೇಳಿದಳು: "ಅವನು ಹೇಗಿದ್ದಾನೆ?"

"ಬೆಳಿಗ್ಗೆ ಉಸಿರಾಟದ ಕೊಳವೆ ತೆಗೆದಿದ್ದಾರೆ. ಅಕ್ಕನನ್ನ ಗುರುತು ಹಿಡಿದನಂತೆ."

ಅವಳು ಗೋಡೆಗೆ ಒರಗಿಕೊಂಡಳು.

ಸಂಜೆ 5:00. ಅರಗು ಹಾಕಿ ಮೊಹರು ಮಾಡಿದ್ದ ಲಕೋಟೆಯೊಳಗೆ ಅಜ್ಜಿಯ ಫೋನ್ ಬಡಿದುಕೊಂಡಿತು. ಅದನ್ನು ಆರಿಸಲು ಮರೆತಿದ್ದರು.

"ಆಸ್ಪತ್ರೆಯ ಯಂತ್ರದ ಕರೆ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್. "ನಾಳೆ ನಾಲ್ವರ ಪಾಳಿ ಇದೆ. ಎತ್ತದಿದ್ರೆ ರದ್ದು. ಆದ್ರೆ ಮೊಹರು ಒಡೆದ್ರೆ ಕೋರ್ಟಲ್ಲಿ ನಮ್ಮ ಚರ್ಮ ಸುಲೀತಾರೆ."

ಅದು ಬಡಿದುಕೊಂಡು ನಿಂತಿತು. ಮತ್ತೆ ಶುರುವಾಯಿತು.

"ಪಂಚರನ್ನ ಕರಿ," ಎಂದರು ಇನ್‌ಸ್ಪೆಕ್ಟರ್.

ಎದುರಿನ ಅಂಗಡಿಯಿಂದ ಇಬ್ಬರು ಬಂದರು. ಅವರ ಸಮಕ್ಷಮ ಮೊಹರು ಒಡೆದು ಇನ್‌ಸ್ಪೆಕ್ಟರ್ ಫೋನ್ ಎತ್ತಿದರು. ಧ್ವನಿಯೊಂದು ನಯವಾಗಿ ಹೇಳಿತು: ರೋಗಿಯ ಜೊತೆ ಯಾರಾದರೂ ಇದ್ದರೆ ಒಂದನ್ನು ಒತ್ತಿ.

ಒತ್ತಿದರು. ನಾಲ್ಕು ಕರೆ, ನಾಲ್ಕು ಸಲ.

ಮಹಿಳಾ ಕಾನ್‌ಸ್ಟೇಬಲ್ ಹೊಸ ಪಂಚನಾಮೆ ಬರೆಯಲು ಕೂತಿದ್ದಳು. "ಸಾರ್, ಒತ್ತಿದ್ದು ಯಾರು ಅಂತ ಬರೀಲಿ? 'ಠಾಣಾ ಸಿಬ್ಬಂದಿ' ಅಂದ್ರೆ ಸಾಕಾ?"

"ಬೇಡ," ಎಂದರು ಇನ್‌ಸ್ಪೆಕ್ಟರ್, ಅರಗು ಕಾಯಿಸುತ್ತ. "ನನ್ನ ಹೆಸರು ಬರಿ."