ಎಂಬತ್ತೆಂಟನೇ ಗೂಟ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಉದ್ಯಾನದ ಸೂಪರಿಂಟೆಂಡೆಂಟ್ ಠಾಣೆಗೆ ಬಂದು, ಕೂರಲು ಹೇಳುವ ಮೊದಲೇ ಕೂತರು. ಏಳು ಗಂಟೆಗೆ ಉಯ್ಯಾಲೆ ಕಳಚಿಬಿದ್ದು ಆರು ವರ್ಷದ ಹುಡುಗಿಯೊಬ್ಬಳ ಎಡಗೈ ಎರಡು ಕಡೆ ಮುರಿದಿತ್ತು. ಯಾರೋ ಬೋಲ್ಟ್ ಬಿಚ್ಚಿದ್ದರು. ಹಿಂದೆ ಎರಡು ಸಲವೂ ಇದೇ ಉಯ್ಯಾಲೆಯನ್ನು ಬಿಚ್ಚಿದ್ದರಂತೆ. ಆಗ ಪೂರ್ತಿ ಇಳಿಸಿ, ಸರಪಳಿ ಸುತ್ತಿ, ಅಚ್ಚುಕಟ್ಟಾಗಿ ಪಕ್ಕಕ್ಕಿಟ್ಟಿದ್ದರು. ಉದ್ಘಾಟನೆಯಾಗಿ ಎರಡೇ ತಿಂಗಳು, ಹೆಸರು ಕೆಡುತ್ತದೆಂದು ದೂರು ಕೊಟ್ಟಿರಲಿಲ್ಲ. ಈಗ ಹೆಸರಿನ ಜೊತೆಗೆ ಒಂದು ಮಗುವಿನ ಕೈಯೂ ಕೆಟ್ಟಿತ್ತು.

ಇನ್ಸ್‌ಪೆಕ್ಟರ್ ಎಫ್‌ಐಆರ್ ಹಾಕಿಸಿ, ದಫೇದಾರನನ್ನು ಕರೆದುಕೊಂಡು ಹೊರಟರು. ಪಿಸುಗುಟ್ಟಿದರೂ ಬೀದಿಗೆ ಕೇಳುವ ಗಂಟಲು ಅವನದು, ಠಾಣೆಯಲ್ಲಿ ಎಲ್ಲರಿಗೂ ಅವನು ಮೈಕು.

ಉದ್ಯಾನವೆಂದರೆ ಮೊನ್ನೆಮೊನ್ನೆಯವರೆಗೆ ಊರ ನಡುವಿನ ಇನ್ನೂರು ವರ್ಷದ ಸ್ಮಶಾನ. ದೊಡ್ಡವರ ಸಮಾಧಿಕಲ್ಲುಗಳನ್ನು ತೊಳೆದು, ಹೊಳಪು ಕೊಟ್ಟು, ಗೋಡೆಯುದ್ದಕ್ಕೂ ನಿಲ್ಲಿಸಿ 'ಪಾರಂಪರಿಕ ಸಂಪತ್ತು' ಎಂದು ಫಲಕ ಹಾಕಿದ್ದರು. ಕಲ್ಲು ಹಾಕಿಸುವ ತಾಕತ್ತಿದ್ದವರು ಸತ್ತ ಮೇಲೂ ಬಚಾವಾಗಿದ್ದರು. ಉಯ್ಯಾಲೆ ಇದ್ದದ್ದು ಹಿಂದಿನ ಮೂಲೆಯಲ್ಲಿ, ಹಳೆಯ ನಲ್ಲಿಯ ಹತ್ತಿರ. ನಕ್ಷೆಯಲ್ಲಿ ಆ ಮೂಲೆಗೆ 'ಖಾಲಿ ಜಾಗ' ಎಂದು ಬರೆದಿತ್ತು.

ಹತ್ತು ನಲವತ್ತಕ್ಕೆ ಪಂಚನಾಮೆ ಶುರುವಾಯಿತು. ಮೈಕು ಪೊದೆಯೊಳಗೆ ಕೈಹಾಕಿ ಮೂರು ಬೋಲ್ಟ್ ಹೊರತೆಗೆದ.

"ಕಳ್ಳ ಆಗಿದ್ರೆ ತಗೊಂಡು ಹೋಗ್ತಿದ್ದ. ಪುಂಡ್ರಾಗಿದ್ರೆ ಮುರೀತಿದ್ರು," ಎಂದು ಅವನು ಗುಟ್ಟಾಗಿ ಹೇಳಿದ. ದೂರದಲ್ಲಿ ಗಿಡ ಕತ್ತರಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

ಇನ್ಸ್‌ಪೆಕ್ಟರ್ ಬೋಲ್ಟ್‌ಗಳನ್ನು ಅಂಗೈಯಲ್ಲಿ ಹೊರಳಿಸಿದರು. ಪ್ರತಿಯೊಂದಕ್ಕೂ ವಾಷರ್ ಹಾಕಿ, ನಟ್ಟನ್ನು ಎರಡು ಸುತ್ತು ತಿರುಗಿಸಿ ಕೂರಿಸಿತ್ತು. ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು.

ಉಳಿದ ಉಯ್ಯಾಲೆಯನ್ನು ಜಪ್ತಿ ಮಾಡಬೇಕಿತ್ತು. ಸೂಪರಿಂಟೆಂಡೆಂಟ್ ತಮ್ಮ ಫಿಟ್ಟರನ್ನೇ ಕರೆಸಿದರು. ಉಯ್ಯಾಲೆ ನಿಲ್ಲಿಸಿದವನು ಅವನೇ, ಎರಡು ಸಲ ಮತ್ತೆ ಕಟ್ಟಿದವನೂ ಅವನೇ. ನರೆಗೂದಲಿನ, ಮಾತು ಕಡಿಮೆಯ ಮನುಷ್ಯ. ಸ್ಪ್ಯಾನರ್ ಹಿಡಿದು ಮೊದಲ ಬೋಲ್ಟ್ ಬಿಚ್ಚಿದ. ವಾಷರ್ ಹಾಕಿದ, ನಟ್ಟನ್ನು ಎರಡು ಸುತ್ತು ತಿರುಗಿಸಿ ಕೆಳಗಿಟ್ಟ. ಎರಡನೆಯದಕ್ಕೂ ಹಾಗೆಯೇ.

"ನಟ್ಟು ಯಾಕೆ ವಾಪಸ್ ಹಾಕ್ತೀಯ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ ಸಾರ್. ಜೋಡಿ ತಪ್ಪಬಾರ್ದು."

ಇನ್ಸ್‌ಪೆಕ್ಟರ್ ಕಾಗದ ಬಿಚ್ಚಿ ತೋರಿಸಿದರು. ಫಿಟ್ಟರ್ ಮೂರು ಬೋಲ್ಟ್‌ಗಳನ್ನೂ ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಇಪ್ಪತ್ತಾರು ವರ್ಷ ನಿಯತ್ತಾಗಿ ದುಡಿದ ಕೈಗಳೇ ಅವನನ್ನು ಹಿಡಿದುಕೊಟ್ಟಿದ್ದವು.

"ಆ ಮಗು ಕೈ ಹೇಗಿದೆ ಸಾರ್?" ಎಂದಷ್ಟೇ ಕೇಳಿದ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಆ ಮೂಲೆಯಲ್ಲಿ ಹೂಳುತ್ತಿದ್ದದ್ದು ಹಸುಗೂಸುಗಳನ್ನು. ಅವಕ್ಕೆ ಕಲ್ಲಿಲ್ಲ, ನಂಬರಿನ ಕಬ್ಬಿಣದ ಗೂಟ ಮಾತ್ರ. ಹನ್ನೊಂದು ದಿನ ಬದುಕಿದ್ದ ಅವನ ಮಗಳದ್ದು ಎಂಬತ್ತೆಂಟು. ನೆಲ ಸಮ ಮಾಡಿದ ಮೇಲೆ ಮತ್ತೆ ನೆಡುತ್ತೇವೆ ಎಂದು ಉದ್ಯಾನದವರು ಹೇಳಿದರು. ನಂಬಿ, ನೂರ ಮೂವತ್ತು ಗೂಟಗಳನ್ನೂ ಅವನೇ ಕಿತ್ತ. ಅವು ಗುಜರಿಗೆ ಹೋದವು, ಒಂದನ್ನು ಬಿಟ್ಟು. ನಲ್ಲಿಯಿಂದ ಹದಿನಾಲ್ಕು ಹೆಜ್ಜೆ ಎಣಿಸಿದರೆ ಮಗಳ ಜಾಗ. ಉಯ್ಯಾಲೆಯ ಬಲಗಾಲಿಗೆ ಗುಂಡಿ ತೋಡಿಸಿದ್ದು ಅಲ್ಲೇ, ಅದೂ ಅವನ ಕೈಯಿಂದಲೇ.

"ಹೆಂಡ್ತಿಗೆ ಹೇಳಿಲ್ಲ. ಗೂಟ ಅಲ್ಲೇ ಇದೆ ಅಂದ್ಕೊಂಡಿದ್ದಾಳೆ. ಇವತ್ತು ಮಗಳು ಹುಟ್ಟಿದ ದಿನ, ಕರ್ಕೊಂಡು ಹೋಗು ಅಂದ್ಲು."

"ಅದಕ್ಕೆ ಬಿಚ್ಚಿದ್ಯಾ?"

"ಅವಳು ಬರೋ ಹೊತ್ತಿಗಾದ್ರೂ ಅದು ಇರಬಾರ್ದು ಅಂತ. ಮೂರು ಬಿಚ್ಚಿದ್ದೆ, ವಾಕಿಂಗ್‌ನವರು ಬಂದ್ರು. ಪೊದೆಗೆ ಹಾಕಿ ಮರೆಯಾದೆ. ಅಷ್ಟರಲ್ಲಿ ಆಫೀಸಲ್ಲಿ ಪೈಪ್ ಒಡೀತು ಅಂತ ಸಾಹೇಬ್ರು ಫೋನ್ ಮಾಡಿದ್ರು, ಅಲ್ಲಿಗೆ ಓಡಿದೆ."

"ಮೊದಲೇ ಅರ್ಜಿ ಕೊಡಬೇಕಿತ್ತು."

"ಮೂರು ಕೊಟ್ಟಿದ್ದೀನಿ."

ಮೈಕು ಉದ್ಯಾನದ ಕಚೇರಿಗೆ ಹೋಗಿ ಕಡತ ತಂದ. ಉಯ್ಯಾಲೆಯನ್ನು ಆರಡಿ ಸರಿಸಬೇಕೆಂಬ ಮೂರು ಅರ್ಜಿಗಳಿದ್ದವು. ಮೂರಕ್ಕೂ ಒಂದೇ ಉತ್ತರ: 'ದಾಖಲೆಗಳ ಪ್ರಕಾರ ಸದರಿ ಸ್ಥಳದಲ್ಲಿ ಯಾವುದೇ ಸಮಾಧಿ ಇರುವುದಿಲ್ಲ.' ಮೈಕು ಅದನ್ನು ಓದಿ ಹೇಳಿದ್ದು ಪಕ್ಕದ ಮೇಜಿನವರಿಗೂ ಕೇಳಿಸಲಿಲ್ಲ.

ಬೆಳಿಗ್ಗೆ ಬೋಲ್ಟ್ ನೋಡಿ ತಮ್ಮ ಬೆನ್ನು ತಾವೇ ತಟ್ಟಿಕೊಂಡದ್ದು ನೆನಪಾಗಿ ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ಆದರೆ ಆಸ್ಪತ್ರೆಯಲ್ಲಿ ಒಂದು ಮಗು ನೋವಿನಲ್ಲಿತ್ತು, ಅದರ ತಾಯಿ ಹೇಳಿಕೆಗೆ ಸಹಿ ಹಾಕಿದ್ದಳು. ಸಂಜೆ ನಾಲ್ಕೂವರೆಗೆ ದಸ್ತಗಿರಿ ಬರೆದರು. ಐದಕ್ಕೆ ಸೂಪರಿಂಟೆಂಡೆಂಟ್ ಫೋನ್ ಮಾಡಿ, ಹೊಸ ಉಯ್ಯಾಲೆ ಮಂಜೂರಾಗಿದೆ, ಕಾಲುಗಳು ಗಟ್ಟಿಯಾಗಿವೆ, ಅದೇ ಜಾಗದಲ್ಲಿ ಕೂರಿಸುತ್ತೇವೆ ಎಂದರು.

ಇನ್ಸ್‌ಪೆಕ್ಟರ್ ಫಿಟ್ಟರನ ಉಪಕರಣದ ಚೀಲವನ್ನು ಮೇಜಿನ ಮೇಲೆ ಸುರಿದು ಜಪ್ತಿಪಟ್ಟಿ ಬರೆಯುತ್ತ ಹೋದರು. ಸ್ಪ್ಯಾನರ್, ಎರಡು. ಸುತ್ತಿಗೆ, ಒಂದು. ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ್ದದ್ದನ್ನು ಬಿಚ್ಚಿ, ಅದನ್ನೂ ಬರೆದು, ಸಹಿಗೆ ಮುಂಚೆ ನಿಯಮದಂತೆ ಓದಿ ಹೇಳಿದರು.

"ಕಬ್ಬಿಣದ ಗೂಟ, ಒಂದು. ನಂಬರ್ ಎಂಬತ್ತೆಂಟು. ಉದ್ಯಾನದ ನಲ್ಲಿಯಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿರುವ ಹೆಣ್ಣುಮಗುವಿನ ಸಮಾಧಿಗೆ ಸೇರಿದ್ದು."

ಫಿಟ್ಟರ್ ಇನ್ನೊಂದು ಸಲ ಓದಲು ಕೇಳಿದ. ಇನ್ಸ್‌ಪೆಕ್ಟರ್ ಓದಿದರು.

"ಈಗ ದಾಖಲೆ ಆಯ್ತಲ್ಲ ಸಾರ್," ಎಂದು ಅವನು ಸಹಿ ಹಾಕಿದ.