ಎಲ್ವೀರಾಳ ಏಳನೆಯ ಸುಗ್ಗಿ

ಬಹಳ ಹಿಂದೆ, ಸ್ಪೇನ್ ದೇಶವನ್ನು ಹತ್ತಾರು ಅರಸರು ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ, ಅಲ್ಬೋರಾ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿನ ಕೆಮ್ಮಣ್ಣಿನ ಗುಡ್ಡವೊಂದರ ಮೇಲೆ ಎಲ್ವೀರಾ ಮತ್ತು ಅವಳ ಗಂಡ ರಮೀರೊ ದ್ರಾಕ್ಷಿ ತೋಟ ಮಾಡಿದ್ದರು. ಕಲ್ಲು ಆರಿಸಿದ್ದು ಇಬ್ಬರೂ, ಬಳ್ಳಿ ನೆಟ್ಟಿದ್ದು ಇಬ್ಬರೂ. ಮೊದಲ ಸುಗ್ಗಿಯ ಕೆಂಪು ವೈನು ಮರದ ಪೀಪಾಯಿಯಲ್ಲಿ ಹದವಾಗುತ್ತಿದ್ದಾಗ ಗೊರ್ವಾನ್ ಎಂಬ ಮಾಂತ್ರಿಕ ಬಂದ.

“ಈ ತೋಟ ನನಗೆ ಬೇಕು,” ಅಂದ.

“ಕೊಡುವುದಿಲ್ಲ,” ಅಂದ ರಮೀರೊ.

“ಹಾಗಾದರೆ ನೀನೇ ಬಾ,” ಎಂದು ಮಾಂತ್ರಿಕ ಕೈಯೆತ್ತಿದ. ರಮೀರೊ ನಿಂತಲ್ಲೇ ಮಾಯವಾದ. “ತೋಟವನ್ನೇ ತಗೋ, ಅವನನ್ನು ಬಿಡು!” ಎಂದು ಎಲ್ವೀರಾ ಕೂಗುವಷ್ಟರಲ್ಲಿ ಮಾಂತ್ರಿಕನೂ ಇರಲಿಲ್ಲ.

ಎಲ್ಲಿ ಹುಡುಕುವುದೆಂದು ಯಾರಿಗೂ ತಿಳಿಯದು. ಅವಳೊಬ್ಬಳೇ ಬಳ್ಳಿ ಕತ್ತರಿಸಿದಳು, ಹಣ್ಣು ಕೊಯ್ದಳು, ತುಳಿದು ರಸ ತೆಗೆದಳು. ಪ್ರತಿ ಸಂಜೆ ಎರಡು ಬಟ್ಟಲಿಗೆ ವೈನು ಬಗ್ಗಿಸುತ್ತಿದ್ದಳು. ಒಂದು ಬಟ್ಟಲು ತುಂಬಿಯೇ ಉಳಿಯುತ್ತಿತ್ತು. ಹೀಗೆ ಏಳನೆಯ ಸುಗ್ಗಿಯೂ ಮುಗಿಯಿತು. ಆಗ ಕುರಿಗಾಹಿಯೊಬ್ಬ ಬಂದು, “ತಾಯೀ, ಹಿಮದ ಬೆಟ್ಟದ ಮೇಲೆ ಮಾಂತ್ರಿಕನ ಕೋಟೆ ಕಂಡೆ,” ಅಂದ. ಎಲ್ವೀರಾ ಹೊಸ ವೈನನ್ನು ತೊಗಲಿನ ಚೀಲಕ್ಕೆ ತುಂಬಿಕೊಂಡು ಹೊರಟಳು.

ಕೋಟೆಯ ಮೊದಲ ಬಾಗಿಲಲ್ಲಿ ಒಂದು ತೋಳ ಮಲಗಿತ್ತು. “ಒಳಗೆ ಹೋಗಬೇಕಾದರೆ ಅವನ ದನಿಯ ನೆನಪು ಕೊಡು,” ಅಂದಿತು. ಬಳ್ಳಿಸಾಲಿನ ಆ ತುದಿಯಿಂದ ಅವನು ತನ್ನನ್ನು ಕೂಗುತ್ತಿದ್ದುದನ್ನು ಅವಳು ಒಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಂಡು, ಕೊಟ್ಟುಬಿಟ್ಟಳು.

ಎರಡನೆಯ ಬಾಗಿಲಲ್ಲಿ ಒಂದು ಕರಿಯ ಗೂಳಿ. “ಅವನ ಮುಖದ ನೆನಪು ಕೊಡು.” ಅವಳು ಕಲ್ಲಿನ ಮೇಲೆ ಬಹಳ ಹೊತ್ತು ಕೂತಳು. ಕೊನೆಗೆ ಅದನ್ನೂ ಕೊಟ್ಟಳು.

ಮೂರನೆಯ ಬಾಗಿಲಲ್ಲಿ ಒಂದು ಹದ್ದು. “ಅವನ ಹೆಸರು ಕೊಡು.” ರಮೀರೊ, ರಮೀರೊ, ರಮೀರೊ ಎಂದಳು. ನಾಲ್ಕನೆಯ ಸಲ ತುಟಿ ತೆರೆದಾಗ ಹೆಸರೇ ಇರಲಿಲ್ಲ. ಹಂಬಲ ಮಾತ್ರ ಎದೆಯಲ್ಲಿ ಹಾಗೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಒಳಗೆ ಏಳು ಜನ ಸೆರೆಯಾಳುಗಳು ಸಾಲಾಗಿ ನಿಂತಿದ್ದರು. ಮಾಂತ್ರಿಕ ನಕ್ಕ. “ನಿನ್ನ ಗಂಡನ ಕೈ ಹಿಡಿ. ಸರಿಯಾದರೆ ನನ್ನ ಮಾಯೆ ಮುಗಿಯಿತು. ತಪ್ಪಿದರೆ ನೀನೂ ಇಲ್ಲೇ. ತಾವು ಯಾರೆಂದು ಹೇಳಹೊರಟರೆ ಇವರ ನಾಲಿಗೆ ಕಲ್ಲಾಗುತ್ತದೆ.”

ಎಲ್ವೀರಾಳಿಗೆ ಏಳೂ ಮುಖ ಹೊಸದು. ಅವಳು ಒಬ್ಬೊಬ್ಬರಿಗೂ ವೈನು ಕೊಟ್ಟಳು. ಆರು ಜನ “ಚೆನ್ನಾಗಿದೆ” ಅಂದರು. ಏಳನೆಯವನು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದ.

“ಮೇಲಿನ ಸಾಲನ್ನು ಎಂಟು ದಿನ ಮುಂಚೆಯೇ ಕೊಯ್ದಿದ್ದೀಯ.”

“ಮಳೆ ಬರುವ ಹಾಗಿತ್ತು! ಒಬ್ಬಳೇ ಏನೇನು ಮಾಡಲಿ?” ಎಂದು ರೇಗಿದಳು ಎಲ್ವೀರಾ.

“ನೆನೆದರೆ ನೆನೆಯಲಿ ಅಂತ ಬಿಡಬೇಕಿತ್ತು. ಆ ಸಾಲು ಗಾಳಿಗೆ ಬೇಗ ಒಣಗುತ್ತದೆ.”

ಆ ಮಣ್ಣಿನಲ್ಲಿ ದುಡಿದವನಲ್ಲದೆ ಬೇರೆ ಯಾರಿಗೆ ಇದು ಗೊತ್ತು? ಅವಳು ಅವನ ಕೈ ಹಿಡಿದಳು.

ಕೋಟೆ ಮಂಜಿನಂತೆ ಕರಗಿತು. ಮಾಂತ್ರಿಕ ಹಿಡಿ ಹೊಗೆಯಾಗಿ ಚದುರಿಹೋದ. ಬಿಡುಗಡೆಯಾದ ಆರು ಜನರೂ ಅವರ ಜೊತೆಗೇ ಬಂದು, ಅದೇ ಗುಡ್ಡದಲ್ಲಿ ಒಬ್ಬೊಬ್ಬರೂ ಒಂದೊಂದು ತೋಟ ಮಾಡಿದರು. ಆ ತೋಟಗಳ ಕೆಂಪು ವೈನು ಏಳು ರಾಜ್ಯಗಳಲ್ಲಿ ಹೆಸರಾಯಿತು.

ಕೊಟ್ಟ ನೆನಪುಗಳು ಮಾತ್ರ ತಿರುಗಿ ಬರಲಿಲ್ಲ. “ನಮ್ಮ ಮದುವೆಯ ದಿನ ನೀನು ಹೇಗಿದ್ದೆ, ನನಗೆ ಏನಂದೆ, ಹೇಳು,” ಎಂದು ಎಲ್ವೀರಾ ಕೇಳುತ್ತಿದ್ದಳು. ರಮೀರೊ ಹೇಳುತ್ತಿದ್ದ. ಯಾರದೋ ಮದುವೆಯ ಕತೆ ಕೇಳುವವಳ ಹಾಗೆ ಅವಳು ಕೇಳುತ್ತಿದ್ದಳು, ಆಮೇಲೆ ಅವನ ಮುಖವನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದಳು. ಇಬ್ಬರ ತಲೆಯೂ ನರೆಯುವವರೆಗೆ ಅವರು ಹೀಗೇ ಸುಖವಾಗಿ ಬಾಳಿದರು.