ಮೆಣಸಿನ ಕಣದ ಉಸಿರುಬಿಲ್ಲೆ

ಮೆಣಸಿನಕಾಯಿ ಕಣದ ಚಪ್ಪರದಡಿ ಅರವತ್ಮೂರು ಮಕ್ಕಳಿದ್ದರು, ಎಲ್ಲರ ಎದೆಯ ಮೇಲೂ ಹಸಿರು ದೀಪ. ನಾಣ್ಯದಷ್ಟಗಲದ ಆ ಉಸಿರುಬಿಲ್ಲೆ ಅಂಗಿಯೊಳಗೆ ಅಂಟಿಕೊಂಡು ಕೂಸಿನ ಉಸಿರು ಎಣಿಸುತ್ತದೆ, ಶ್ವಾಸಕೋಶದ ಸದ್ದು ಆಲಿಸುತ್ತದೆ. ಬರೀ ನೆಗಡಿಯಾದರೆ ಹಸಿರು. ಬೆಚ್ಚಗಿಟ್ಟು ಹಾಲು ಕುಡಿಸಿದರೆ ಸಾಕು. ಹಳದಿಯಾದರೆ ನ್ಯುಮೋನಿಯಾದ ಶುರು, ಔಷಧಿ ಬೇಕು. ಕೆಂಪಾದರೆ ಆಸ್ಪತ್ರೆ. ೨೦೫೮ರ ಹೊತ್ತಿಗೆ ಹಾವೇರಿ ಸೀಮೆಯಲ್ಲಿ ಕೆಮ್ಮಿದ ಕೂಸಿಗೆಲ್ಲ ಆಂಟಿಬಯೋಟಿಕ್ ಕುಡಿಸುವ ಚಾಳಿ ನಿಂತೇಹೋಗಿತ್ತು.

ಬಿಲ್ಲೆಯನ್ನು ಕಂಡುಹಿಡಿದವಳು ಧಾರವಾಡದ ವಿಜ್ಞಾನಿ ನೀಲಾಂಬಿಕೆ. ವರ್ಷಕ್ಕೊಮ್ಮೆ ಈ ಕಣಕ್ಕೆ ಬಂದು ಯಂತ್ರಗಳ ಕ್ಷೇಮ ವಿಚಾರಿಸುತ್ತಿದ್ದಳು. ಮಕ್ಕಳ ಕ್ಷೇಮ ವಿಚಾರಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟಿದ್ದಳು.

ಆ ವರ್ಷ ಅವಳು ಬಂದ ದಿನ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಫಕೀರವ್ವ ಎದ್ದು ಬಂದಳು. ಬಗಲಲ್ಲಿ ಹದಿನಾಲ್ಕು ತಿಂಗಳ ಮಗ ಚನ್ನವೀರ.

"ಬಾಯಾರ, ಹಸರ ದೀಪನ ಐತ್ರಿ. ಆದ್ರ ಮುಂಜಾನಿಂದ ಮೊಲಿ ಹಿಡಿವಲ್ದು."

ನೀಲಾಂಬಿಕೆ ಬಿಲ್ಲೆಯ ದಾಖಲೆ ತೆರೆದು ನೋಡಿದಳು. "ಎಲ್ಲಾ ಸರಿ ಐತಿ ಯವ್ವಾ. ನೆಗಡಿ ಅಷ್ಟ."

ಫಕೀರವ್ವ ಕದಲಲಿಲ್ಲ. "ನೀವು ಬಂದಾಗಿಂದ ಈ ಘಾಟಿಗೆ ಕೆಮ್ಮಾಕತ್ತೀರಿ. ಹುಡುಗ್ರೆಲ್ಲಾ ಕೆಮ್ಮತಾವು. ನಮ್ಮ ಕೂಸೊಂದ ಯಾಕ ಕೆಮ್ಮವಲ್ದ್ರಿ?"

ನೀಲಾಂಬಿಕೆ ಕೂಸಿನ ಅಂಗಿ ಎತ್ತಿದಳು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಳು. ಅರವತ್ತೆರಡು. ಆ ವಯಸ್ಸಿಗೆ ನಲವತ್ತು ಮುಟ್ಟಿದರೇ ಹೆಚ್ಚು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಕೆಮ್ಮುವ ತ್ರಾಣವೂ ಕೂಸಿಗೆ ಉಳಿದಿರಲಿಲ್ಲ. ಅವಳು ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದಳು.

ಆಂಬುಲೆನ್ಸ್ ಬಂತು. ಮೊದಲ ಇಂಜೆಕ್ಷನ್ ಅದರಲ್ಲೇ ಆಯಿತು, ಮೂಗಿಗೆ ಆಮ್ಲಜನಕ ಹಚ್ಚಿದರು. ಎರಡು ದಿನ ಯಾರೂ ಏನೂ ಹೇಳುವಂತಿರಲಿಲ್ಲ. ಮೂರನೆಯ ದಿನ ಚನ್ನವೀರ ಮೊಲೆ ಹಿಡಿದ ಎಂಬ ಸುದ್ದಿ ಕೇಳಿ ನೀಲಾಂಬಿಕೆ ಅತ್ತುಬಿಟ್ಟಳು.

ಆಮೇಲೆ ಬಿಲ್ಲೆಯನ್ನು ಬಿಚ್ಚಿ ಕೂತಳು. ಯಂತ್ರ ಕೆಟ್ಟಿರಲಿಲ್ಲ. ಊರೂರಿನ ಗಾಳಿಗೆ ತಾನೇ ಹೊಂದಿಕೊಳ್ಳಲಿ ಎಂದು, ಸುತ್ತಲಿನ ಮಕ್ಕಳ ಸರಾಸರಿ ಉಸಿರನ್ನೇ ಸಹಜವೆಂದು ತಿಳಿಯುವ ಜಾಣತನವನ್ನು ಅವಳೇ ಅದಕ್ಕೆ ಕೊಟ್ಟಿದ್ದಳು. ಮೂರು ಸುಗ್ಗಿ ಈ ಘಾಟಿನಲ್ಲಿ ಕಳೆದ ಬಿಲ್ಲೆಗಳು ಏದುಸಿರನ್ನೇ ಆರೋಗ್ಯವೆಂದು ಕಲಿತಿದ್ದವು.

ಚನ್ನವೀರನನ್ನು ಎತ್ತಿಕೊಂಡು ಫಕೀರವ್ವ ಮತ್ತೆ ಕಣಕ್ಕೆ ಬಂದ ದಿನ, ನೀಲಾಂಬಿಕೆ ಆ ಕಲಿಕೆಯನ್ನು ಅಳಿಸಿಹಾಕಿದಳು. ನಲವತ್ತೊಂದು ದೀಪ ಒಟ್ಟಿಗೇ ಹಳದಿಯಾದವು. ಒಂದೊಂದೇ ಕೂಸಿನ ಅಂಗಿ ಎತ್ತಿ ನೋಡುವುದರಲ್ಲಿ ಸಂಜೆಯಾಯಿತು. ಮೂರು ಕೂಸುಗಳಿಗೆ ಔಷಧಿ ಬೇಕಿತ್ತು. ಉಳಿದವಕ್ಕೆ ಸೋಂಕೇ ಇರಲಿಲ್ಲ, ಬರೀ ಘಾಟು ಮತ್ತು ದೂಳು.

"ನಿನ್ನೆ ಚಲೋ ಇದ್ವಲ್ರಿ ಇವೆಲ್ಲಾ," ಎಂದಳು ಫಕೀರವ್ವ.

"ನಿನ್ನೆನೂ ಚಲೋ ಇರಲಿಲ್ಲ ಯವ್ವಾ. ಆ ಮೂರು ಬಿಟ್ಟು ಉಳಿದವಕ್ಕ ಔಷಧಿ ಬ್ಯಾಡ. ಕಣದಾಗ ಕೂಡಸಬ್ಯಾಡ್ರಿ, ಅಷ್ಟ."

"ಮತ್ತ ಎಲ್ಲಿ ಕೂಡಸೂಣ್ರಿ?"

ನೀಲಾಂಬಿಕೆ ಕಣದ ಸುತ್ತ ಕಣ್ಣು ಹಾಯಿಸಿದಳು. ಮೂವತ್ತು ವರ್ಷದ ಹಿಂದೆಯೂ ಈ ಕಣದಲ್ಲಿ ತಾಯಂದಿರು ಹೀಗೇ ಕೂತಿದ್ದರು, ಪಕ್ಕದಲ್ಲಿ ಕೂಸುಗಳು ಹೀಗೇ ಕೆಮ್ಮುತ್ತಿದ್ದವು. ಅವನ್ನು ಎಲ್ಲಿ ಕೂರಿಸಬೇಕೆಂದು ಕೇಳುವುದಕ್ಕೆ ಅವತ್ತು ಯಾವ ಬಿಲ್ಲೆಯೂ ಬೇಕಿರಲಿಲ್ಲ, ಆದರೂ ಯಾರೂ ಕೇಳಿರಲಿಲ್ಲ.